ಹಳೇ ಷೆವ್ರೊಲೆ ಪಿಕಪ್ 3 ಇಂಚು ಇಳಿಸಬೇಕು, ಮುಂದಿನ ಆಕ್ಸಲ್ ಮನೆಯಲ್ಲೇ ಬಾಗಿಸಬಹುದಾ?

ಹಳೇಗಾಡಿ ರಘು, ಬಸವೇಶ್ವರನಗರ

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ 1951ರ ಷೆವ್ರೊಲೆ 3100 ಇದೆ, ಅರ್ಧ ಟನ್ ಪಿಕಪ್. ತಾತನ ಕಾಲದಲ್ಲಿ ಕೋಲಾರದಿಂದ ಕಲಾಸಿಪಾಳ್ಯಕ್ಕೆ ತರಕಾರಿ ಹೊರುತ್ತಿತ್ತು. 216 ಕ್ಯೂಬಿಕ್ ಇಂಚಿನ ಆರು ಸಿಲಿಂಡರ್ ಎಂಜಿನ್ ಈಗ ಚೆನ್ನಾಗಿ ಓಡುತ್ತಿದೆ. ಬ್ರೇಕ್ ಕೆಲಸ ಮುಗಿಯಿತು, ವೈರಿಂಗ್ ಮುಗಿಯಿತು. ಉಳಿದಿರುವುದು ಎತ್ತರ. ಮುಂಭಾಗ 3 ಇಂಚು ಇಳಿದರೆ ಗಾಡಿಯ ಲುಕ್ಕೇ ಬೇರೆ.

ಮುಂದಿನ ಆಕ್ಸಲ್ ಒಂದೇ ಉಕ್ಕಿನ ತೊಲೆ. ಅಡ್ಡ ಕತ್ತರಿಸಿದರೆ ಇಂಗ್ಲಿಷಿನ ಐ ಅಕ್ಷರದ ಆಕಾರ, ಎರಡು ತುದಿಯಲ್ಲಿ ಕಿಂಗ್ ಪಿನ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಗೂಟ. ಅಮೆರಿಕದ ಹಾಟ್ ರಾಡ್ ಹುಡುಗರು 1940ರ ದಶಕದಲ್ಲೇ ಇಂಥ ಆಕ್ಸಲ್‌ಗಳ ತುದಿ ಕಾಯಿಸಿ, ಮೇಲಕ್ಕೆ ಬಾಗಿಸಿ ಗಾಡಿ ಇಳಿಸುತ್ತಿದ್ದರು. ಮನೆ ಹಿಂದೆ ನನ್ನದೊಂದು ಶೆಡ್ ಇದೆ. ಗ್ಯಾಸ್ ಕಟಿಂಗ್ ಸೆಟ್, 20 ಟನ್ ಪ್ರೆಸ್, ಎರಡು ಒಳ್ಳೆ ಜಾಕ್ ಇವೆ. ಮನೆಯಲ್ಲೇ ಮಾಡಬಹುದಾ? ಮಾಡಿದವರು, ಹತ್ತಿರದಿಂದ ನೋಡಿದವರು ಹೇಳಿ.

ಕಮಾನ್ ಕಿಟ್ಟಿ, ಮೈಸೂರು ರೋಡ್

ಗುರೂ, ಆಕ್ಸಲ್ ತಂಟೆಗೆ ಯಾಕೆ ಹೋಗುತ್ತೀಯಾ? ಕಮಾನಿನಿಂದ (ಲೀಫ್ ಸ್ಪ್ರಿಂಗ್) ಎರಡು ಪಟ್ಟಿ ತೆಗೆದರೆ ಗಾಡಿ ತಾನಾಗಿ ಕೂರುತ್ತದೆ. ಅರ್ಧ ದಿನದ ಕೆಲಸ.

ಹಳೇಗಾಡಿ ರಘು

ಅದು ಯೋಚನೆ ಮಾಡಿದ್ದೆ ಕಿಟ್ಟಣ್ಣ. ಆದರೆ ಪಟ್ಟಿ ತೆಗೆದರೆ ಕಮಾನು ಮೆತ್ತಗಾಗುವುದಿಲ್ವಾ? ಈಗಲೇ ಹೊಂಡಕ್ಕೆ ಇಳಿದರೆ ಕೆಳಗೆ ಟಣ್ ಅನ್ನುತ್ತದೆ.

ಪೀಣ್ಯ ಪ್ರೆಸ್‌ಶಾಪ್

ರಘು ಹೇಳಿದ್ದು ಸರಿ. ಎರಡು ದಾರಿಯಲ್ಲೂ ಗಾಡಿ ಇಳಿಯುತ್ತದೆ, ಆದರೆ ಪರಿಣಾಮ ಬೇರೆ ಬೇರೆ.

ಪಟ್ಟಿ ತೆಗೆದರೆ ಅಥವಾ ಕಮಾನಿನ ಬಾಗು ಕಡಿಮೆ ಮಾಡಿದರೆ ಚಾಸಿ ಆಕ್ಸಲ್‌ಗೆ ಹತ್ತಿರ ಬರುತ್ತದೆ. ಕಮಾನಿಗೆ ಮೇಲೆ ಕೆಳಗೆ ಆಡಲು ಇದ್ದ ಜಾಗವನ್ನೇ ನೀವು ತಿಂದುಬಿಟ್ಟಿರಿ. ಆಮೇಲೆ ಪ್ರತಿ ಹೊಂಡಕ್ಕೂ ಬಂಪ್ ಸ್ಟಾಪ್‌ಗೆ, ಅಂದರೆ ಚಾಸಿಯ ರಬ್ಬರ್ ತಡೆಗೆ, ಹೊಡೆತ.

ಆಕ್ಸಲ್ ಬಾಗಿಸಿದರೆ ಹಾಗಾಗುವುದಿಲ್ಲ. ಕಮಾನು ಕೂರುವ ಜಾಗ ಮತ್ತು ಚಾಸಿ ನಡುವಿನ ದೂರ ಎಷ್ಟಿತ್ತೋ ಅಷ್ಟೇ ಇರುತ್ತದೆ. ಕಮಾನಿಗೆ, ಶಾಕ್ ಅಬ್ಸಾರ್ಬರ್‌ಗೆ ಏನೂ ಗೊತ್ತೇ ಆಗುವುದಿಲ್ಲ. ಚಕ್ರ ಮಾತ್ರ ಚಾಸಿಗೆ ಹೋಲಿಸಿದರೆ 3 ಇಂಚು ಮೇಲೆ ಬಂದಿರುತ್ತದೆ. ಅದಕ್ಕೇ ಆ ಹುಡುಗರು ಇಷ್ಟು ಕಷ್ಟಪಟ್ಟಿದ್ದು. ಸುಮ್ನೆ ಶೋಕಿಗೆ ಅಲ್ಲ.

ಕಮಾನ್ ಕಿಟ್ಟಿ

ಒಪ್ಪಿದೆ ಸಾರ್. ಆದರೆ ಇನ್ನೊಂದು ದಾರಿ ಇದೆ. ಮೇನ್ ಪಟ್ಟಿಯ ಕಣ್ಣನ್ನು ಉಲ್ಟಾ ಸುತ್ತಿಸಿದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಪಟ್ಟಿಗಳ ಲೆಕ್ಕ ಕಡಿಮೆಯಾಗುವುದಿಲ್ಲ. ನಮ್ಮ ಕಡೆ ಕಮಾನ್ ಅಂಗಡಿಗಳಲ್ಲಿ ಮಾಡಿಕೊಡುತ್ತಾರೆ. ಮೂರರಲ್ಲಿ ಒಂದು ಇಂಚು ಅಲ್ಲೇ ಸಿಕ್ಕಿತು ಅಲ್ವಾ?

ಪೀಣ್ಯ ಪ್ರೆಸ್‌ಶಾಪ್

ಒಳ್ಳೆ ಸಲಹೆ. ಒಂದೇ ಇಂಚು ಸಾಕು ಅನ್ನುವವರು ಅಲ್ಲಿಗೇ ನಿಲ್ಲಿಸಬಹುದು. ಆದರೆ ಆ ಇಂಚು ಕಮಾನಿನ ಆಟದಿಂದಲೇ ಬರುವುದು, ಅದು ನೆನಪಿರಲಿ.

ದಾವಣಗೆರೆ ಡೀಸೆಲ್

ನಮ್ಮೂರಲ್ಲಿ ಒಬ್ಬ ಮೇಸ್ತ್ರಿ ಬೆಡ್‌ಫೋರ್ಡ್ ಆಕ್ಸಲ್ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಾಗಿಸಿ, ಮೇಲೆ ನೀರು ಸುರಿದು ಗಟ್ಟಿ ಮಾಡಿದ್ದ. ಗಾಡಿ ವರ್ಷಗಟ್ಟಲೆ ಓಡಿತು. ಇಂಜಿನಿಯರುಗಳು ಹೆದರಿಸುವಷ್ಟು ಏನೂ ಇಲ್ಲ ಇದರಲ್ಲಿ.

ಉಕ್ಕಿನ ಸೌಮ್ಯ, ಜಾಲಹಳ್ಳಿ

ನಾನು ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ಕೆಲಸ ಮಾಡುವವಳು. ಡೀಸೆಲ್ ಅಣ್ಣ, ಬೇಜಾರು ಮಾಡಿಕೊಳ್ಳಬೇಡಿ. ನೀರು ಸುರಿಯುವುದನ್ನು ಮಾತ್ರ ಯಾರೂ ಅನುಸರಿಸಬೇಡಿ.

ಇಂಥ ಫೋರ್ಜ್ ಮಾಡಿದ ಆಕ್ಸಲ್‌ಗಳು ಸಾಮಾನ್ಯವಾಗಿ ಮಧ್ಯಮ ಕಾರ್ಬನ್ ಉಕ್ಕು, 0.4 ಪರ್ಸೆಂಟ್ ಆಸುಪಾಸು. ನಮ್ಮ ಲೇತ್ ಅಂಗಡಿಗಳ ಭಾಷೆಯಲ್ಲಿ ಇಎನ್ 8 ಜಾತಿ. ಈ ಉಕ್ಕನ್ನು ಕೆಂಪಗಿರುವಾಗ ನೀರಿಗೆ ಹಾಕಿದರೆ ಗಟ್ಟಿ ಆಗುತ್ತದೆ ನಿಜ, ಜೊತೆಗೆ ಪೆಡಸೂ ಆಗುತ್ತದೆ. ಆಕ್ಸಲ್‌ಗೆ ಬೇಕಾಗಿರುವುದು ಬರೀ ಗಡಸುತನ ಅಲ್ಲ. ಹೊಡೆತ ಬಿದ್ದಾಗ ಮುರಿಯುವ ಬದಲು ಬಾಗಬೇಕು. ಬಾಗಿದರೆ ಸ್ಟೀರಿಂಗ್ ಎಳೆಯುತ್ತದೆ, ನಿಮಗೆ ಗೊತ್ತಾಗುತ್ತದೆ. ಮುರಿದರೆ ಚಕ್ರವೇ ಹೋಗುತ್ತದೆ.

ಕಾಯಿಸುವುದು ಹೇಗೆ ಅಂತ ಹೇಳುತ್ತೇನೆ. ಬಾಗಿಸುವ ಜಾಗ ಪೂರ್ತಿ, ಒಳಗಿನ ತಿರುಳಿನವರೆಗೂ, ಕಿತ್ತಳೆ ಬಣ್ಣಕ್ಕೆ ಬರಬೇಕು. ಅಂದರೆ 1,000 ಡಿಗ್ರಿ ಸೆಲ್ಸಿಯಸ್ ಮೇಲೆ. ಬಾಗಿಸುತ್ತಾ ಬಣ್ಣ ಕೆಂಪಿಗೆ ಇಳಿದರೆ ಕೈ ನಿಲ್ಲಿಸಿ, ಮತ್ತೆ ಕಾಯಿಸಿ. 850ಕ್ಕಿಂತ ಕೆಳಗೆ ಬಲವಂತ ಮಾಡಬೇಡಿ. ಎಲ್ಲಕ್ಕಿಂತ ಅಪಾಯ 200ರಿಂದ 400 ಡಿಗ್ರಿ ನಡುವೆ. ಉಕ್ಕು ನೀಲಿ ತಿರುಗುವ ಹಂತ ಅದು. ನೋಡಲು ಬಿಸಿಯಾಗಿರುತ್ತದೆ, ಬಾಗುತ್ತದೆ ಅನ್ನಿಸುತ್ತದೆ. ಆದರೆ ತಣ್ಣಗಿದ್ದಾಗಿಗಿಂತ ಅಲ್ಲೇ ಸುಲಭವಾಗಿ ಬಿರುಕು ಬಿಡುತ್ತದೆ. ಇನ್ನೊಂದು ತುದಿಯಲ್ಲಿ, ಬಿಳಿ ಕಿಡಿ ಹಾರುವಷ್ಟು ಕಾಯಿಸಿದರೆ ಉಕ್ಕು ಸುಟ್ಟುಹೋಯಿತು ಅಂತ ಅರ್ಥ. ಅದಕ್ಕೆ ರಿಪೇರಿ ಇಲ್ಲ, ಗುಜರಿಗೇ ಹಾಕಬೇಕು.

ಬಣ್ಣ ನೋಡುವ ಕೆಲಸ ನೆರಳಲ್ಲಿ ಮಾಡಿ. ಬಿಸಿಲಲ್ಲಿ ಕಿತ್ತಳೆಯೂ ಮಂಕು ಕೆಂಪಾಗಿ ಕಾಣುತ್ತದೆ, ನೀವು ಸುಡುವವರೆಗೂ ಕಾಯಿಸುತ್ತೀರಿ. ತಂತಿಗೆ ಕಟ್ಟಿದ ಅಯಸ್ಕಾಂತ ಒಂದಿದ್ದರೆ ಒಳ್ಳೆಯದು. 770 ಡಿಗ್ರಿ ದಾಟಿದ ಮೇಲೆ ಉಕ್ಕು ಅದನ್ನು ಹಿಡಿಯುವುದಿಲ್ಲ. ಅಯಸ್ಕಾಂತ ಅಂಟುತ್ತಿದೆ ಅಂದರೆ ಬಾಗಿಸುವ ಮಾತೇ ಇಲ್ಲ.

ಬಾಗಿಸಿದ ಮೇಲೆ ಒಣ ಬೂದಿ ಅಥವಾ ಸುಣ್ಣದ ಪುಡಿಯಲ್ಲಿ ಹೂತಿಟ್ಟು ಮಾರನೇ ದಿನ ತೆಗೆಯಿರಿ. ಅಲ್ಲಿಗೆ ಮುಗಿಯಲಿಲ್ಲ. ಈಗ ಆಕ್ಸಲ್‌ನ ಮಧ್ಯಭಾಗ ಒಂದು ಹದದಲ್ಲಿದೆ, ತುದಿಗಳು ಇನ್ನೊಂದು ಹದದಲ್ಲಿವೆ. ಇಡೀ ಆಕ್ಸಲ್ ಫರ್ನೇಸಿಗೆ ಹೋಗಬೇಕು. 860 ಡಿಗ್ರಿ ಹತ್ತಿರ ಒಂದೇ ಸಮ ಕಾಯಿಸಿ ಗಾಳಿಯಲ್ಲಿ ಆರಿಸಿದರೆ ನಾರ್ಮಲೈಸಿಂಗ್. ಆಮೇಲೆ ಮತ್ತೆ ಅಷ್ಟೇ ಕಾಯಿಸಿ ಎಣ್ಣೆಯಲ್ಲಿ ಅದ್ದಿ, ಪೆಡಸು ಇಳಿಯಲು 550ರಿಂದ 600 ಡಿಗ್ರಿಯಲ್ಲಿ ಟೆಂಪರ್ ಮಾಡಿಸಿದರೆ ಇನ್ನೂ ಒಳ್ಳೆಯದು. ಪೀಣ್ಯದಲ್ಲಿ ಇಷ್ಟುದ್ದದ ಫರ್ನೇಸ್ ಇರುವ ಕಡೆ ಕೇಳಿ. ಅದಕ್ಕೂ ಮೊದಲು ಉಕ್ಕಿನಲ್ಲಿ ಏನೇನು ಎಷ್ಟಿದೆ ಅಂತ ಹೇಳುವ ಸ್ಪೆಕ್ಟ್ರೊ ಟೆಸ್ಟ್ ಮಾಡಿಸಿ. ಉಕ್ಕು ಯಾವುದು ಅಂತ ಗೊತ್ತಿಲ್ಲದೆ ತಾಪಮಾನ ಹೇಳುವುದು ಸರಿಯಲ್ಲ.

ದಾವಣಗೆರೆ ಡೀಸೆಲ್

ಬೇಜಾರೇನಿಲ್ಲ ಮೇಡಂ. ಆದರೆ ಗಾಡಿ ಓಡಿದ್ದು ಸುಳ್ಳಲ್ಲ.

ಉಕ್ಕಿನ ಸೌಮ್ಯ

ಸುಳ್ಳು ಅಂತ ನಾನೂ ಹೇಳುವುದಿಲ್ಲ. ಬಿರುಕು ಮೊದಲ ದಿನ ಕಾಣುವುದಿಲ್ಲ. ಸಣ್ಣದಾಗಿ ಶುರುವಾಗಿ, ಪ್ರತಿ ಹೊಂಡಕ್ಕೂ ಕೂದಲೆಳೆಯಷ್ಟು ಬೆಳೆಯುತ್ತದೆ. ಬೆಡ್‌ಫೋರ್ಡ್ ಲಾರಿ ಆಕ್ಸಲ್ ದಪ್ಪವೂ ಬೇರೆ.

ಕುಂದಾಪುರ ಕೃಷ್ಣ, ಈಗ ಯಲಹಂಕ

ರಘು ಮಾರಾಯ್ರೆ, ಗ್ಯಾಸಿನ ವಿಷಯ ಒಂದು ಹೇಳಬೇಕು. ಕಟಿಂಗ್ ಟಾರ್ಚಿನಿಂದ ಇಷ್ಟು ದಪ್ಪದ ಉಕ್ಕು ಒಳಗಿನವರೆಗೆ ಕಾಯುವುದಿಲ್ಲ. ಮೇಲ್ಮೈ ಕರಗಲು ಶುರುವಾದರೂ ತಿರುಳು ಇನ್ನೂ ಕಪ್ಪಗೇ ಇರುತ್ತದೆ. ದೊಡ್ಡ ಹೀಟಿಂಗ್ ನಾಜಲ್ ಬೇಕು. ಅದಕ್ಕೆ ಒಂದು ಅಸಿಟಿಲೀನ್ ಸಿಲಿಂಡರ್ ಸಾಲುವುದಿಲ್ಲ. ಸಿಲಿಂಡರಿನಲ್ಲಿ ಇರುವ ಗ್ಯಾಸಿನ ಏಳನೇ ಒಂದು ಭಾಗಕ್ಕಿಂತ ಜಾಸ್ತಿ ಒಂದು ಗಂಟೆಯಲ್ಲಿ ಎಳೆಯಬಾರದು ಅನ್ನುವುದು ಹಳೇ ನಿಯಮ, ಈಗ ಹತ್ತನೇ ಒಂದು ಭಾಗ ಅನ್ನುತ್ತಾರೆ. ಜಾಸ್ತಿ ಎಳೆದರೆ ಗ್ಯಾಸ್ ಕರಗಿರುವ ಒಳಗಿನ ಅಸಿಟೋನ್ ದ್ರವ ಕೂಡ ಹೊರಗೆ ಬರುತ್ತದೆ. ಎಲ್‌ಪಿಜಿ ಮತ್ತು ಆಕ್ಸಿಜನ್‌ನಲ್ಲಿ ಕಾಯಿಸುವುದು ವಾಸಿ. ಹಾಗಂತ ಅಡುಗೆಮನೆ ಸಿಲಿಂಡರ್ ಎತ್ತಿಕೊಂಡು ಬರಬೇಡಿ. ಅದು ಕಾನೂನಿಗೂ ವಿರುದ್ಧ, ಮನೆಯವರ ಕೈಲಿ ಬೈಗುಳವೂ ಗ್ಯಾರಂಟಿ. ಬೆಂಕಿ ಪೈಪಿನೊಳಗೆ ಹಿಂದೆ ಹೋಗದಂತೆ ಎರಡೂ ಪೈಪಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇರಲೇಬೇಕು.

ನನ್ನ ಮಟ್ಟಿಗೆ ಕಾಯಿಸುವ ಕೆಲಸ ಬಸವೇಶ್ವರನಗರದ ಶೆಡ್ಡಿನದ್ದಲ್ಲ. ಪಕ್ಕದ ಮನೆ ಗೋಡೆ ಎಷ್ಟು ದೂರ ಇದೆ ಹೇಳಿ?

ಹಳೇಗಾಡಿ ರಘು

ನಾಲ್ಕು ಅಡಿ. ಅರ್ಥವಾಯಿತು.

ಲಾಯರ್ ಮಾಮ, ಮಲ್ಲೇಶ್ವರ

ಎಲ್ಲರೂ ಉಕ್ಕು ಕಾಯಿಸುತ್ತಿದ್ದೀರಿ, ಆರ್‌ಸಿ ಬಗ್ಗೆ ಯಾರೂ ಮಾತಾಡಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಲಮನ್ನು ಬಿಗಿಯಾಗಿಯೇ ಓದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೇರಿತು. ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಇನ್ನು ವಿಂಟೇಜ್ ನೋಂದಣಿ. 2021ರ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ವಿಎ ಸರಣಿಯ ನಂಬರ್ ಕೊಡುತ್ತಾರೆ. ಶುಲ್ಕ 20,000, ಹತ್ತು ವರ್ಷಕ್ಕೆ. ಆದರೆ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಇನ್ನೊಂದು ಸೂಕ್ಷ್ಮ ಇದೆ. ಆ ನಿಯಮ ಹೇಳುವುದು ದ್ವಿಚಕ್ರ ವಾಹನ ಮತ್ತು ಎಂ1 ವರ್ಗದ ನಾಲ್ಕು ಚಕ್ರದ ಗಾಡಿಗಳ ಬಗ್ಗೆ. ಎಂ1 ಅಂದರೆ ಜನರನ್ನು ಕೂರಿಸುವ ಕಾರು. ನಿಮ್ಮ ಪಿಕಪ್ ಆರ್‌ಸಿಯಲ್ಲಿ ಗೂಡ್ಸ್ ಅಂತಿದ್ದರೆ ಅದು ಎನ್1. ವಿಂಟೇಜ್ ಬಾಗಿಲು ಹೇಗೂ ಮುಚ್ಚಿದೆ, ಪ್ರತಿ ಸಲ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಿ ನಿಲ್ಲಬೇಕು. ಅಲ್ಲಿ ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರೆ ಬಾಗಿದ ಆಕ್ಸಲ್ ಕಣ್ಣಿಗೆ ಬಿದ್ದೇ ಬೀಳುತ್ತದೆ.

ಮಾಡಬೇಡಿ ಅನ್ನುವುದಿಲ್ಲ. ಮೊದಲು ಆರ್‌ಟಿಓಗೆ ಬರಹದಲ್ಲಿ ಅರ್ಜಿ ಕೊಡಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ಒರಿಜಿನಲ್ ಆಕ್ಸಲ್ ಮಾತ್ರ ಕಾಯಿಸಬೇಡಿ, ಎತ್ತಿಡಿ.

ಹಂಪ್ ವೈರಿ, ಆರ್‌ಆರ್ ನಗರ

ಕಾನೂನು ಬಿಡಿ ಮಾಮ, ನಮ್ಮ ರೋಡು ಬಿಡಬೇಕಲ್ಲ! ನಮ್ಮ ಬೀದಿ ಹಂಪ್ ಮೇಲೆ ಈಗಿನ ಸೆಡಾನ್‌ಗಳೇ ಹೊಟ್ಟೆ ಉಜ್ಜಿಕೊಂಡು ಹೋಗುತ್ತವೆ. ಇನ್ನು ಇಳಿಸಿದ ಟ್ರಕ್ಕಾ?

ಪೀಣ್ಯ ಪ್ರೆಸ್‌ಶಾಪ್

ಸ್ವಲ್ಪ ಯೋಚಿಸಿ ನೋಡೋಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಬೆಂಗಳೂರಿನಲ್ಲಿ ಅಂಥದ್ದು ಎಲ್ಲಿದೆ ಅಂತ ಕೇಳಬೇಡಿ.

ರಸ್ತೆಯ ಪೂರ್ತಿ ಅಗಲಕ್ಕಿರುವ ಹಂಪ್ ಆಕ್ಸಲ್‌ಗೆ ತಾಗುವುದಿಲ್ಲ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತುತ್ತವೆ, ಆಕ್ಸಲ್ ಅವುಗಳ ಸಾಲಿನಲ್ಲೇ ಇದೆ, ಅದೂ ಜೊತೆಗೇ ಏರುತ್ತದೆ. ತಾಗುವುದು ಗಾಡಿಯ ನಡು ಹೊಟ್ಟೆ. ಮುಂದೆ 3 ಇಂಚು ಇಳಿಸಿ ಹಿಂದೆ ಹಾಗೇ ಬಿಟ್ಟರೆ ನಡುವಿನಲ್ಲಿ ಇಳಿಯುವುದು ಒಂದೂವರೆ ಇಂಚು ಮಾತ್ರ. ಅದನ್ನು ಹೇಗೋ ನಿಭಾಯಿಸಬಹುದು.

ಆಕ್ಸಲ್‌ಗೆ ಅಪಾಯ ಬೇರೆ ಕಡೆ ಇದೆ. ಎರಡು ಚಕ್ರದ ನಡುವೆ ಬರುವ ಕಲ್ಲು, ಡಾಂಬರಿಗಿಂತ ಮೇಲೆದ್ದ ಮ್ಯಾನ್‌ಹೋಲ್ ಮುಚ್ಚಳ, ಒಂದು ಚಕ್ರ ಹೊಂಡಕ್ಕಿಳಿದಾಗ ಪಕ್ಕದಲ್ಲಿ ಉಳಿಯುವ ಡಾಂಬರಿನ ಅಂಚು. ರಘು, ಈಗ ಆಕ್ಸಲ್ ನಡುವಿನಿಂದ ನೆಲಕ್ಕೆ ಎಷ್ಟಿದೆ?

ಹಳೇಗಾಡಿ ರಘು

ಅಳೆದೆ. 8 ಇಂಚು. ಇಳಿಸಿದ ಮೇಲೆ 5 ಉಳಿಯುತ್ತದೆ. ಇದನ್ನು ಓಡಿಸುವುದು ಭಾನುವಾರ ಬೆಳಿಗ್ಗೆ ಮಾತ್ರ, ಕಬ್ಬನ್ ಪಾರ್ಕ್ ಕಡೆ ಒಂದು ಸುತ್ತು. ಐದು ಇಂಚಿಗೆ ನಾನು ಒಪ್ಪಿದೆ.

ಮಾಮ, ನಿಮ್ಮ ಮಾತಿನಂತೆ ಒರಿಜಿನಲ್ ಮುಟ್ಟುವುದಿಲ್ಲ. ಇದೇ ಮಾದರಿಯ ಇನ್ನೊಂದು ಆಕ್ಸಲ್ ಹುಡುಕುತ್ತೇನೆ.

ಜೆಸಿ ರೋಡ್ ಜಾವೀದ್

ರಘು ಭಾಯ್, ಶಿವಾಜಿನಗರ ಗುಜರಿಯಲ್ಲಿ ಕೇಳಿ, ಸಿಗಬಹುದು. ಜನರಲ್ ಮೋಟಾರ್ಸ್ 1954ರವರೆಗೂ ಮುಂಬೈ ಸೇವರಿಯಲ್ಲಿ ಷೆವ್ರೊಲೆ ಜೋಡಿಸುತ್ತಿತ್ತು, ಹಾಗಾಗಿ ಹಳೇ ಮಾಲು ದಕ್ಷಿಣದಲ್ಲೂ ಅಲ್ಲಲ್ಲಿ ಉಳಿದಿದೆ. ಸಿಕ್ಕ ತಕ್ಷಣ ದುಡ್ಡು ಕೊಡಬೇಡಿ. ಕಿಂಗ್ ಪಿನ್ ತೂತಿಗೆ ಹೊಸ ಪಿನ್ ಹಾಕಿ ನೋಡಿ. ಪಿನ್ ಅಲ್ಲಿ ಬಿಗಿಯಾಗಿ ಕೂರಬೇಕು, ಅದನ್ನು ಹಿಡಿಯುವುದು ಒಂದು ಸಣ್ಣ ಓರೆ ಲಾಕ್ ಪಿನ್ ಅಷ್ಟೇ. ಲೊಡಲೊಡ ಅಂದರೆ ಆ ಆಕ್ಸಲ್ ಬೇಡ. ಯಾರೋ ಮೊದಲೇ ವೆಲ್ಡಿಂಗ್ ಮಾಡಿದ ಗುರುತು ಕಂಡರೂ ಬೇಡ.

ಅಂಬಿ ಪ್ರೇಮಿ

ಇಷ್ಟೆಲ್ಲಾ ಯಾಕೆ? ಕಾಂಟೆಸಾದ ಮುಂಭಾಗ ಪೂರ್ತಿ ಎತ್ತಿ ಹಾಕಿ. ಕಾಯಿಲ್ ಸ್ಪ್ರಿಂಗ್, ಇಂಡಿಪೆಂಡೆಂಟ್ ಸಸ್ಪೆನ್ಷನ್, ಆರಾಮ್!

ಲಾಯರ್ ಮಾಮ, ಮಲ್ಲೇಶ್ವರ

ಚಾಸಿ ಕತ್ತರಿಸುವ ಸಲಹೆ ದಯವಿಟ್ಟು ಇಲ್ಲಿ ಕೊಡಬೇಡಿ.

ಪೀಣ್ಯ ಪ್ರೆಸ್‌ಶಾಪ್

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮೂವತ್ತು ವರ್ಷದಿಂದ ಪ್ರೆಸ್ ಮುಂದೆ ನಿಂತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ. ಬಾಗಿಸುವುದು ಈ ಕೆಲಸದ ಸಣ್ಣ ಭಾಗ. ಅಳತೆಯೇ ದೊಡ್ಡದು. ಆ ಅಳತೆ ಕೆಲಸವನ್ನು ರಘು ತನ್ನ ಶೆಡ್ಡಿನಲ್ಲೇ ಆರಾಮಾಗಿ ಮಾಡಬಹುದು, ಬೇರೆ ಯಾರಿಗಿಂತಲೂ ನಿಧಾನವಾಗಿ, ಚೆನ್ನಾಗಿ.

ಮೈಸೂರು ರೋಡಿನಲ್ಲಿ ಲಾರಿ ಆಕ್ಸಲ್ ಬೆಂಡ್ ತೆಗೆಯುವುದನ್ನು ನೋಡಿ ತುಂಬಾ ಜನ ಇದೂ ಅದೇ ಅಂದುಕೊಳ್ಳುತ್ತಾರೆ. ಅಲ್ಲ. ಅವರು ತಣ್ಣಗಿರುವಾಗಲೇ ಜಾಕ್ ಕೊಟ್ಟು ಅರ್ಧ, ಒಂದು ಡಿಗ್ರಿ ಸರಿಪಡಿಸುತ್ತಾರೆ. ಇಲ್ಲಿ ಬೇಕಾಗಿರುವುದು ಎಷ್ಟು ಗೊತ್ತಾ? ಕಮಾನಿನ ಸೀಟಿಗೂ ಕಿಂಗ್ ಪಿನ್ನಿಗೂ ನಡುವೆ 10 ಇಂಚು ಬಾಗಿಸಲು ಸಿಕ್ಕಿತು ಅಂದುಕೊಳ್ಳಿ. ಆ ಹತ್ತಿಂಚಿನಲ್ಲಿ 3 ಇಂಚು ಮೇಲೇರಬೇಕು. ಅಂದರೆ ಹದಿನೇಳೂವರೆ ಡಿಗ್ರಿ ಓರೆ. ಸೀಟಿನ ಹತ್ತಿರ ಅಷ್ಟು ಮೇಲಕ್ಕೆ ಬಾಗಿಸಿ, ಕಿಂಗ್ ಪಿನ್ ಹತ್ತಿರ ಅಷ್ಟೇ ವಾಪಸ್ ಬಾಗಿಸಬೇಕು. ಎರಡೂ ಬಾಗು ಸಮ ಇದ್ದರೆ ಮಾತ್ರ ಕಿಂಗ್ ಪಿನ್ ಮೊದಲಿದ್ದ ಕೋನದಲ್ಲೇ ಉಳಿಯುತ್ತದೆ. ಒಂದು ಡಿಗ್ರಿ ತಪ್ಪಿದರೆ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೆ ಹೊರಕ್ಕೆ ವಾಲುವ ಕೋನ, ಒಂದು ಡಿಗ್ರಿ ತಪ್ಪಿತು, ಟೈರ್ ಒಂದೇ ಕಡೆ ತಿನ್ನುತ್ತದೆ. ಇದಕ್ಕೆ ಅಡ್ಜಸ್ಟ್ ಮಾಡುವ ಬೋಲ್ಟ್ ಯಾವುದೂ ಇಲ್ಲ. ಆಕ್ಸಲ್ ಹೇಗಿದೆಯೋ ಕ್ಯಾಂಬರ್ ಹಾಗೆ.

ಹಾಗಾಗಿ ಕಾಯಿಸುವ ಮುಂಚೆಯೇ ಎರಡು ಡಮ್ಮಿ ರಾಡ್ ಟರ್ನ್ ಮಾಡಿಸಿ. ಕಿಂಗ್ ಪಿನ್ ತೂತಿಗೆ ಸರಿಯಾಗಿ ಕೂರಬೇಕು, ತೂತಿನ ಮೇಲೆ 300 ಎಂಎಂ ನಿಲ್ಲಬೇಕು. ಆ ಉದ್ದಕ್ಕೆ ಒಂದು ಡಿಗ್ರಿ ಅಂದರೆ ರಾಡಿನ ತುದಿಯಲ್ಲಿ 5 ಎಂಎಂಗಿಂತ ಸ್ವಲ್ಪ ಜಾಸ್ತಿ. ಟೇಪಿನಲ್ಲೇ ಗೊತ್ತಾಗುತ್ತದೆ. ಎರಡು ರಾಡುಗಳ ನಡುವಿನ ದೂರ ಕೆಳಗೆ ಎಷ್ಟು, ಮೇಲೆ ಎಷ್ಟು ಅಂತ ಬರೆದಿಡಿ. ಆಮೇಲೆ ಆಕ್ಸಲ್‌ನ ಒಂದು ತುದಿಯ ಕಡೆ ನಿಂತು, ಒಂದು ರಾಡಿನ ಹಿಂದೆ ಇನ್ನೊಂದು ರಾಡು ಮರೆಯಾಗುತ್ತದಾ ನೋಡಿ. ಓರೆಯಾಗಿ ಇಣುಕಿದರೆ ಆಕ್ಸಲ್ ತಿರುಚಿದೆ ಅಂತ. ಎರಡು ಚಕ್ರಕ್ಕೆ ಎರಡು ಬೇರೆ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಬರುತ್ತದೆ, ಗಾಡಿ ಒಂದೇ ಪಕ್ಕಕ್ಕೆ ಎಳೆಯುತ್ತದೆ.

ಇನ್ನೊಂದು ವಿಷಯ ತುಂಬಾ ಜನ ಮರೆಯುವುದು. ಹತ್ತಿಂಚಿನ ತುಂಡನ್ನು ಓರೆ ಮಾಡಿದರೆ ಅದರ ಅಡ್ಡ ಅಳತೆ ಕಡಿಮೆಯಾಗುತ್ತದೆ. 3 ಇಂಚಿಗೆ ಒಂದೊಂದು ಕಡೆ ಅರ್ಧ ಇಂಚು ಹತ್ತಿರ ಹೋಗುತ್ತದೆ, ಎರಡೂ ಸೇರಿ 23 ಎಂಎಂ. ಚಕ್ರಗಳು ಅಷ್ಟು ಒಳಗೆ ಬರುತ್ತವೆ. ಹಳೇ ಅಂಗಡಿಗಳಲ್ಲಿ ಬಾಗಿಸುವಾಗಲೇ ಎಳೆದು ಉದ್ದ ಮಾಡುತ್ತಿದ್ದರು. ಎಳೆದರೆ ಉಕ್ಕು ತೆಳ್ಳಗಾಗುತ್ತದೆ. 3 ಇಂಚಿಗೆ ನಾಲ್ಕು ಪರ್ಸೆಂಟ್ ಚಿಲ್ಲರೆ, ದೊಡ್ಡ ವಿಷಯ ಅಲ್ಲ. ಅದೇ 5 ಇಂಚು ಇಳಿಸಲು ಹೋದರೆ 12 ಪರ್ಸೆಂಟ್ ಹತ್ತಿರ. ಅದಕ್ಕೇ ಐದಿಂಚಿನ ಆಸೆ ಬೇಡ ಅನ್ನುವುದು. ನಿಮ್ಮ ಗಾಡಿಗೆ ಎಳೆಯುವುದೇ ಬೇಡ. ಚಕ್ರ ಸ್ವಲ್ಪ ಒಳಗೆ ಬಂದರೆ ಮಡ್‌ಗಾರ್ಡಿಗೆ ತಾಗುವ ಚಿಂತೆಯೂ ಕಡಿಮೆ. ಎರಡು ಚಕ್ರ ಒಟ್ಟಿಗೆ ತಿರುಗಲು ಜೋಡಿಸುವ ಟೈ ರಾಡ್ ಅಷ್ಟು ಗಿಡ್ಡ ಮಾಡಿಕೊಂಡರಾಯಿತು.

3 ಎಂಎಂ ಶೀಟಿನಲ್ಲಿ ಎರಡು ಟೆಂಪ್ಲೇಟ್ ಕತ್ತರಿಸಿ. ಒಂದು ಈಗಿನ ಆಕಾರಕ್ಕೆ, ಇನ್ನೊಂದು ಬೇಕಾದ ಆಕಾರಕ್ಕೆ. ಬಿಸಿ ಆಕ್ಸಲ್ ಪಕ್ಕ ಹಿಡಿದು ನೋಡಲು ಅದೇ ಆಧಾರ, ಆಗ ಟೇಪ್ ಹಿಡಿಯಲು ಆಗುವುದಿಲ್ಲ. ಅಳತೆ, ಟೆಂಪ್ಲೇಟ್, ಡಮ್ಮಿ ರಾಡ್ ಎಲ್ಲಾ ಕೈಯಲ್ಲಿ ಹಿಡಿದು ಫೋರ್ಜಿಂಗ್ ಶಾಪಿಗೆ ಹೋದರೆ ಅವರಿಗೂ ಕೆಲಸ ಸಲೀಸು. ಬರಿಗೈಯಲ್ಲಿ ಹೋಗಿ ಸ್ವಲ್ಪ ಮೇಲೆ ಬಾಗಿಸಿ ಅಂದರೆ ಅವರು ಸ್ವಲ್ಪ ಮೇಲೆ ಬಾಗಿಸಿ ಕೊಡುತ್ತಾರೆ.

ಉಕ್ಕಿನ ಸೌಮ್ಯ

ತುಂಬಾ ಚೆನ್ನಾಗಿ ಹೇಳಿದಿರಿ ಸರ್. ಒಂದು ಸೇರಿಸುತ್ತೇನೆ. ಕಿಂಗ್ ಪಿನ್ ತೂತಿನ ಸುತ್ತ ಬಿಸಿ ಹೋಗದ ಹಾಗೆ ನೋಡಿಕೊಳ್ಳಿ, ತೂತು ಅಂಡಾಕಾರವಾದರೆ ಕಷ್ಟ. ತಣ್ಣಗಿಡಲು ಒದ್ದೆ ಬಟ್ಟೆ ಸುತ್ತಬೇಡಿ. ಕೆಂಪಗಿರುವ ಜಾಗದ ಪಕ್ಕದಲ್ಲೇ ನೀರು ಬಿದ್ದರೆ ಡೀಸೆಲ್ ಅಣ್ಣನ ಕಥೆಯೇ ಮತ್ತೆ.

ಫರ್ನೇಸಿನಿಂದ ಬಂದ ಮೇಲೆ ಇನ್ನೊಮ್ಮೆ ಅಳೆಯಿರಿ, ಅಲ್ಲಿ ಸ್ವಲ್ಪ ಅಲುಗಿರುತ್ತದೆ. ನಂತರ ಬಿರುಕಿನ ಪರೀಕ್ಷೆ. ಕೆಂಪು ಡೈ, ಬಿಳಿ ಡೆವಲಪರ್ ಇರುವ ಸ್ಪ್ರೇ ಕಿಟ್ಟು ಸಿಗುತ್ತದೆ, ಇದನ್ನು ಶೆಡ್ಡಿನಲ್ಲೇ ಮಾಡಬಹುದು. ಪೇಂಟು, ಗ್ರೀಸು, ಕಾಯಿಸಿದ ಚಕ್ಕೆ ಪೂರ್ತಿ ತೆಗೆದು ಡೈ ಹೊಡೆದು ಕಾಲು ಗಂಟೆ ಬಿಡಿ. ಮೇಲಿನದನ್ನು ಒರೆಸಿ ಬಿಳಿ ಹೊಡೆಯಿರಿ. ಬಿರುಕಿದ್ದರೆ ಕೆಂಪು ಗೆರೆ ಎದ್ದು ಬರುತ್ತದೆ. ಮೇಲ್ಮೈಗೆ ಬಾಯಿ ಬಿಟ್ಟ ಬಿರುಕು ಮಾತ್ರ ಇದರಲ್ಲಿ ಕಾಣುವುದು. ಮ್ಯಾಗ್ನೆಟಿಕ್ ಪಾರ್ಟಿಕಲ್ ಟೆಸ್ಟ್ ಮಾಡಿಸಿದರೆ ಮೇಲ್ಮೈ ಕೆಳಗೆ ಸ್ವಲ್ಪದರಲ್ಲೇ ಇರುವುದೂ ಸಿಕ್ಕಿಬೀಳುತ್ತದೆ. ಗುಜರಿಯಿಂದ ತಂದ ದಿನವೇ ಮೊದಲ ಟೆಸ್ಟ್ ಮಾಡಿ. ಬಿರುಕಿರುವ ಆಕ್ಸಲ್‌ಗೆ ಅಷ್ಟೆಲ್ಲಾ ಕಷ್ಟಪಡಬೇಡಿ.

ಆಮೇಲೆ ಚಂದ ಕಾಣಲಿ ಅಂತ ಕ್ರೋಮ್ ಹಾಕಿಸಬೇಡಿ. ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ, ಗಟ್ಟಿ ಉಕ್ಕು ಪೆಡಸಾಗುತ್ತದೆ. ಕಪ್ಪು ಪೇಂಟ್ ಸಾಕು.

ಕಮಾನ್ ಕಿಟ್ಟಿ

ರಘು, ಟೈ ರಾಡ್ ನೋಡಿದ್ಯಾ? ಚಕ್ರ 3 ಇಂಚು ಮೇಲೆ ಬಂದರೆ ಚಕ್ರ ಕೂರುವ ಸ್ಟಬ್ ಆಕ್ಸಲ್ ಮೇಲೆ ಬರುತ್ತದೆ, ಅದಕ್ಕೆ ಸೇರಿದ ಆರ್ಮ್ ಮೇಲೆ ಬರುತ್ತದೆ, ಟೈ ರಾಡೂ ಮೇಲೆ. ಸೀದಾ ಹೋಗಿ ಕಮಾನಿಗೆ ಕುಟ್ಟುತ್ತದೆ.

ಹಳೇಗಾಡಿ ರಘು

ಹೌದು ಕಿಟ್ಟಣ್ಣ, ಇವತ್ತು ಕೆಳಗೆ ಮಲಗಿ ನೋಡಿದೆ. ಟೈ ರಾಡ್ ಮೇಲಿನ ಅಂಚಿಗೂ ಯು ಬೋಲ್ಟ್ ಪ್ಲೇಟಿಗೂ ಎರಡು ಇಂಚು ಕೂಡ ಇಲ್ಲ. ಸ್ಟೀರಿಂಗ್ ಆರ್ಮ್ ಕೆಳಕ್ಕೆ ಬಾಗಿಸಬೇಕು ಅನ್ನಿಸುತ್ತದೆ. ಅದು ಚಿಕ್ಕದು, ಅದನ್ನಾದರೂ ಶೆಡ್ಡಿನಲ್ಲಿ ಮಾಡಬಹುದಾ?

ಪೀಣ್ಯ ಪ್ರೆಸ್‌ಶಾಪ್

ಚಿಕ್ಕದು ಅಂತ ಸಸಾರ ಮಾಡಬೇಡಿ. ಆಕ್ಸಲ್‌ಗಿಂತ ಆರ್ಮಿನ ಬಗ್ಗೆ ನನಗೆ ಭಯ ಜಾಸ್ತಿ. ಅದು ಮುರಿದರೆ ಒಂದು ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಹಳೆಯದನ್ನು ಬಾಗಿಸುವ ಬದಲು ಇಎನ್ 24 ಅನ್ನುವ ಗಟ್ಟಿ ಮಿಶ್ರಲೋಹದ ಉಕ್ಕಿನಲ್ಲಿ ಹೊಸದು ಮಿಲ್ ಮಾಡಿಸಿ, ಹದ ಹಾಕಿಸಿ. ಬೋಲ್ಟ್ ತೂತುಗಳ ಜಾಗ, ಟೈ ರಾಡ್ ಎಂಡಿನ ಟೇಪರ್, ಮೇಲಿನಿಂದ ನೋಡಿದಾಗ ಆರ್ಮಿನ ಕೋನ ಹಳೆಯದರಂತೆಯೇ ಇರಬೇಕು. ಎತ್ತರ ಮಾತ್ರ 3 ಇಂಚು ಕೆಳಗೆ.

ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಬರುವ ಸರಳು) ಕಟ್ಟುವ ಆರ್ಮಿಗೂ ಇದೇ ಮಾತು. ಲಿಂಕಿನ ಓರೆ ಮೊದಲಿನಂತೆ ಉಳಿಯದಿದ್ದರೆ ಹೊಂಡಕ್ಕೆ ಇಳಿದಾಗಲೆಲ್ಲಾ ಸ್ಟೀರಿಂಗ್ ತಾನೇ ತಿರುಗುತ್ತದೆ.

ಮುಂಭಾಗ ಮಾತ್ರ ಇಳಿದರೆ ಕ್ಯಾಸ್ಟರ್ ಕೂಡ ಕಡಿಮೆಯಾಗುತ್ತದೆ. ನಿಮ್ಮ ಗಾಡಿಯ ವೀಲ್‌ಬೇಸ್ 116 ಇಂಚು. 3 ಇಂಚು ಇಳಿದರೆ ಇಡೀ ಚಾಸಿ ಒಂದೂವರೆ ಡಿಗ್ರಿ ಮುಂದಕ್ಕೆ ವಾಲುತ್ತದೆ, ಕಿಂಗ್ ಪಿನ್ನೂ ಅಷ್ಟೇ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಕಮಾನಿಗೂ ಆಕ್ಸಲ್‌ಗೂ ನಡುವೆ ಒಂದೂವರೆ ಡಿಗ್ರಿಯ ಓರೆ ಪ್ಲೇಟ್ ಕೊಡಿ. ದಪ್ಪ ಭಾಗ ಹಿಂದಕ್ಕೆ. ಉಲ್ಟಾ ಹಾಕಿದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ.

ಕುಂದಾಪುರ ಕೃಷ್ಣ, ಈಗ ಯಲಹಂಕ

ಬ್ರೇಕ್ ಹೋಸ್ ಮರೆಯಬೇಡಿ ಮಾರಾಯ್ರೆ. ಚಕ್ರ ಚಾಸಿಗೆ ಹತ್ತಿರ ಬಂತು ಅಂದರೆ ಹೋಸ್ ಸಡಿಲವಾಗಿ ಜೋತು ಬೀಳುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರಿಗೆ ಉಜ್ಜುತ್ತದಾ ಎರಡೂ ಕಡೆ ನೋಡಿ.

ಹಳೇಗಾಡಿ ರಘು

ಶಿವಾಜಿನಗರದಲ್ಲಿ ಆಕ್ಸಲ್ ಸಿಕ್ಕಿತು. ಜಾವೀದ್ ಭಾಯ್ ಹೇಳಿದಂತೆ ಹೊಸ ಪಿನ್ ಹಾಕಿ ನೋಡಿಯೇ ತಂದೆ, ಬಿಗಿಯಾಗಿದೆ. ಡೈ ಟೆಸ್ಟಿನಲ್ಲಿ ಕೆಂಪು ಗೆರೆ ಒಂದೂ ಬರಲಿಲ್ಲ. ಸ್ಪೆಕ್ಟ್ರೊ ರಿಪೋರ್ಟಿನಲ್ಲಿ ಕಾರ್ಬನ್ 0.43 ಇದೆ, ಸೌಮ್ಯ ಮೇಡಂಗೆ ಕಳಿಸಿದ್ದೇನೆ. ಡಮ್ಮಿ ರಾಡ್ ಕಾಮಾಕ್ಷಿಪಾಳ್ಯದಲ್ಲಿ ಟರ್ನ್ ಆಗುತ್ತಿದೆ, ಟೆಂಪ್ಲೇಟ್ ನಾನೇ ಕತ್ತರಿಸಿದೆ. ಕಾಯಿಸುವುದು, ಬಾಗಿಸುವುದು, ಫರ್ನೇಸ್ ಮೂರೂ ಹೊರಗೆ. ಬಿಚ್ಚುವುದು, ಅಳೆಯುವುದು, ಜೋಡಿಸುವುದು ನನ್ನದು. ಆರ್‌ಟಿಓಗೆ ಅರ್ಜಿಯೂ ಹೋಗಿದೆ ಮಾಮ. ಉತ್ತರ ಬರುವವರೆಗೆ ಹಳೇ ಆಕ್ಸಲ್ ಗಾಡಿಯಲ್ಲೇ ಇರುತ್ತದೆ.

ಈಗ ಇನ್ನೊಂದು ಪ್ರಶ್ನೆ. ಹೊಸ ಕಿಂಗ್ ಪಿನ್ ಬುಷ್‌ಗಳನ್ನು ರೀಮರ್ ಹಾಕಿ ಅಳತೆಗೆ ತರುವವರು ಯಾವ ಏರಿಯಾದಲ್ಲಿದ್ದಾರೆ? ನಾನು ಕೇಳಿದ ಕಡೆ ಎಲ್ಲಾ ಎಮರಿ ಪೇಪರ್ ಸುತ್ತಿ ಉಜ್ಜಿ ಕೊಡುತ್ತೇವೆ ಅಂದರು.

ಜೆಸಿ ರೋಡ್ ಜಾವೀದ್

ಎಮರಿ ಪೇಪರ್‌ಗೆ ಒಪ್ಪಬೇಡಿ ಭಾಯ್. ಮೇಲಿನ ಬುಷ್, ಕೆಳಗಿನ ಬುಷ್ ಒಂದೇ ಗೆರೆಯಲ್ಲಿ ಬರಬೇಕು ಅಂದರೆ ಉದ್ದನೆ ಪೈಲಟ್ ಇರುವ ರೀಮರ್ರೇ ಬೇಕು. ಸಿದ್ದಯ್ಯ ರಸ್ತೆ ಕಡೆ ಹಳೇ ಲೇತ್ ಅಂಗಡಿಗಳಲ್ಲಿ ವಿಚಾರಿಸಿ. ಸ್ಟಬ್ ಆಕ್ಸಲ್ ಎರಡೂ ಜೊತೆಗೆ ಒಯ್ಯಿರಿ, ಪಿನ್ನೂ ಒಯ್ಯಿರಿ. ಪಿನ್ ನೋಡದೆ ಯಾರೂ ಕೈ ಹಾಕುವುದಿಲ್ಲ.